ಸರಿಯಾದ ಲೆಕ್ಕ ಹಾಕಿ ಗುಂಜಿಗೆ ಹೋದದ್ದು

ಒಂದು ಕೆಲಸವನ್ನು ತಾನು ಎಂದೂ ಮಾಡಿ ನೋಡದೆ, ಅದನ್ನೇ ಜೀವನಪೂರ್ತಿ ಇನ್ನೊಬ್ಬರಿಗೆ ಕಲಿಸಿ ಗೌರವದಿಂದ ನಿವೃತ್ತನಾಗುವ ಸೌಲಭ್ಯ ಈ ಲೋಕದಲ್ಲಿ ನಮ್ಮಂಥ ಮಾಸ್ತರರಿಗೆ ಮಾತ್ರ ಇದೆ. ಈಜು ಬಾರದವನನ್ನು ನಂಬಿ ಯಾರೂ ಮಕ್ಕಳನ್ನು ಬಾವಿಗೆ ಇಳಿಸುವುದಿಲ್ಲ. ಕಣಕ ಮುಟ್ಟದವನಿಗೆ ಯಾರೂ ಮದುವೆಯ ಹೋಳಿಗೆ ಒಪ್ಪಿಸುವುದಿಲ್ಲ. ನಾನಾದರೋ ಬೆಳಗಾವಿಯ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೇನೆ. ಸಂಭವನೀಯತೆಯ ಪಾಠ ಬಂದಾಗಲೆಲ್ಲ ಐವತ್ತೆರಡು ಇಸ್ಪೀಟು ಎಲೆಗಳ ಕಟ್ಟಿನಿಂದ ಒಂದು ಎಲೆ ತೆಗೆದೆ, ಎರಡು ತೆಗೆದೆ, ತೆಗೆದದ್ದನ್ನು ಮರಳಿ ಇಟ್ಟೆ, ಇಡದೆಯೂ ಲೆಕ್ಕ ಹಾಕಿದೆ. ಎಲ್ಲವೂ ಹಲಗೆಯ ಮೇಲೆ. ಎಲೆಯನ್ನು ಕೈಯಲ್ಲಿ ಹಿಡಿದವನೇ ಅಲ್ಲ. ವಡಗಾವಿಯ ನಮ್ಮ ಮನೆಯಲ್ಲಿ ಇಸ್ಪೀಟಿಗೆ ಪ್ರವೇಶವಿರಲಿಲ್ಲ. ಮಗ್ಗದ ಮನೆಯಲ್ಲಿ ನಾಲ್ಕು ಜನ ಸುತ್ತಲೂ ಕುಳಿತರೆ ಕೆಲಸ ನಿಲ್ಲುತ್ತದೆ ಎಂಬುದು ಅಜ್ಜನ ಶಾಸ್ತ್ರ. ಹೀಗಾಗಿ ಗುಲಾಮ ದೊಡ್ಡವನೋ ರಾಣಿ ದೊಡ್ಡವಳೋ ಎಂದು ಒಬ್ಬ ಹುಡುಗಿ ತರಗತಿಯಲ್ಲಿ ಕೇಳಿದಾಗ ನಾನು ಬಹಳ ಗಂಭೀರವಾಗಿ, ಗಣಿತದ ದೃಷ್ಟಿಯಲ್ಲಿ ಎಲ್ಲರೂ ಸಮಾನರು ಎಂದು ಉತ್ತರಿಸಿದ್ದೆ. ಆ ಉತ್ತರವನ್ನು ವಿದ್ಯಾರ್ಥಿಗಳು ವಾರ್ಷಿಕ ಸಂಚಿಕೆಯಲ್ಲಿ ನನ್ನ ಸುಭಾಷಿತವೆಂದು ಅಚ್ಚು ಹಾಕಿಸಿದರು.

ಇಂಥ ನನ್ನನ್ನು ಐವತ್ತರ ಅಂಚಿನಲ್ಲಿ ಇಸ್ಪೀಟಿಗೆ ಕೂರಿಸಿದವರು ಭೌತಶಾಸ್ತ್ರದ ದೇಸಾಯಿ ಸರ್. ಮೊಬೈಲಿನಲ್ಲಿ ನೋಡಿ ಪೋಕರ್ ಎಂಬ ಆಟ ಕಲಿತಿದ್ದರು. ಪ್ರತಿಯೊಬ್ಬರಿಗೂ ಎರಡೆರಡು ಎಲೆ ಗುಟ್ಟಾಗಿ. ನಡುವೆ ಎಲ್ಲರಿಗೂ ಸೇರಿ ಐದು ಎಲೆ ಬಹಿರಂಗವಾಗಿ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಪ್ರತಿ ಹಂತದಲ್ಲೂ ಪಣ ಏರಿಸಬಹುದು. ಎದುರಿನವರು ಏರಿಸಿದರೆ ನಾವೂ ಅಷ್ಟೇ ಹಾಕಿ ಮುಂದುವರಿಯಬೇಕು. ಅದಕ್ಕೆ ಕಾಲ್ ಎನ್ನುತ್ತಾರೆ. ಇಲ್ಲವಾದರೆ ಎಲೆ ಮಗುಚಿಟ್ಟು ಸುಮ್ಮನಿರಬೇಕು. ಕೊನೆಗೆ ಈ ಏಳರಲ್ಲಿ ಒಂದೇ ಜಾತಿಯ ಐದೋ, ಸಾಲಾದ ಐದೋ, ಬರೀ ಜೋಡಿಯೋ, ಯಾರದು ದೊಡ್ಡದೋ ರಾಶಿ ಅವರದು. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ, ಲೋಲಕಗಳ ಕೆಳಗೆ, ನಾವು ಮೂವರು ಆಡತೊಡಗಿದೆವು. ಮೂರನೆಯವರು ಕನ್ನಡದ ಹೊಸಮನಿ ಮೇಡಂ. ಕಾಲೇಜಿನಲ್ಲಿ ದುಡ್ಡು ಇಟ್ಟು ಆಡುವುದು ಅಪರಾಧ, ಇಡದೆ ಆಡುವುದು ಬೇಸರ. ಆದ್ದರಿಂದ ಹಲಗೆಗೆ ಬರೆಯುವ ಖಡುವನ್ನೇ ಪಣವಾಗಿಸಿಕೊಂಡೆವು. ತಲಾ ಒಂದು ಡಬ್ಬಿ, ಡಬ್ಬಿಗೆ ನೂರು ಖಡು. ಆ ಎರಡು ತಿಂಗಳು ನಮ್ಮ ಮೂರು ವಿಭಾಗಗಳಲ್ಲಿ ಖಡುವಿನ ಬೇಡಿಕೆ ಹೆಚ್ಚಿದ್ದನ್ನು ನೋಡಿ, ನೀವು ಮೂವರೂ ಬಹಳ ಬರೆದು ಕಲಿಸುತ್ತೀರಿ ಎಂದು ಪ್ರಿನ್ಸಿಪಾಲರು ಸಭೆಯಲ್ಲಿ ಹೊಗಳಿದರು.

ಮನೆಯಲ್ಲಿ ಅಭ್ಯಾಸಕ್ಕೆಂದು ಒಂದು ಕಟ್ಟು ಎಲೆ ಕೊಳ್ಳಲು ರವಿವಾರ ಪೇಟೆಗೆ ಹೋದೆ. ಅಂಗಡಿಯವನಿಗೆ, ಪಾಠಕ್ಕೆ ಬೇಕಾಗಿತ್ತು ಎಂದು ಅವನು ಕೇಳದಿದ್ದರೂ ವಿವರಣೆ ಕೊಟ್ಟೆ. ಅವನು ನನ್ನ ಹಳೆಯ ವಿದ್ಯಾರ್ಥಿಯಾಗಿರಬೇಕೆ? ನಮಸ್ಕಾರ ಮಾಡಿ, ಒಳಗಿದ್ದ ತಂದೆಗೆ ನನ್ನನ್ನು ಪರಿಚಯಿಸಿ, ಎಲೆಗಳನ್ನು ಎರಡು ಪದರ ಪೇಪರಿನಲ್ಲಿ ಸುತ್ತಿಕೊಟ್ಟು, ಪಾಠಕ್ಕೆ ಪ್ಲಾಸ್ಟಿಕ್ಕಿನವೇ ಒಳ್ಳೆಯವು, ಬೆವರಿಗೆ ಅಂಟುವುದಿಲ್ಲ ಎಂದ. ಗುರುಭಕ್ತಿ ಇನ್ನೂ ಉಳಿದಿದೆ.

ಆಟ ಕೈಗೆ ಹತ್ತುತ್ತಲೇ ನನಗೆ ಒಂದು ಭ್ರಮೆ ಹುಟ್ಟಿತು. ದೇಸಾಯಿ ಸರ್ ಮುಖ ನೋಡಿ ಆಡುತ್ತಾರೆ. ಹೊಸಮನಿ ಮೇಡಂ ಮನಸ್ಸು ಬಂದಂತೆ ಆಡುತ್ತಾರೆ. ಎರಡು ರಾಣಿ ಬಂದರೆ ಪಾಪ ಹೆಣ್ಣುಮಕ್ಕಳು ಎಂದು ಅವನ್ನು ಬಿಟ್ಟುಕೊಡುವುದೇ ಇಲ್ಲ. ಲೆಕ್ಕ ಹಾಕಿ ಆಡುವವನು ನಾನೊಬ್ಬನೇ. ಲೆಕ್ಕವೆಂದರೆ ಬ್ರಹ್ಮವಿದ್ಯೆಯೇನಲ್ಲ. ನಡುವೆ ಬಿದ್ದಿರುವ ರಾಶಿಯಲ್ಲಿ ನೂರು ಖಡು ಇವೆ, ನಾನು ಮುಂದುವರಿಯಲು ಇಪ್ಪತ್ತೈದು ಹಾಕಬೇಕು ಎಂದುಕೊಳ್ಳಿ. ಐದು ಸಲ ಹೀಗೆ ಆಡಿದರೆ ಒಂದು ಸಲ ಗೆದ್ದರೂ ನನಗೆ ನಷ್ಟವಿಲ್ಲ. ಅದಕ್ಕಿಂತ ಹೆಚ್ಚು ಗೆಲ್ಲುವ ಸಂಭವವಿದ್ದರೆ ಹಾಕು, ಇಲ್ಲದಿದ್ದರೆ ಬಿಡು. ಇಷ್ಟೇ. ಇದನ್ನು ನಾನು ಮೇಡಂಗೆ ಮೂರು ಶನಿವಾರ ವಿವರಿಸಿದೆ. ಪ್ರತಿ ಸಲವೂ ಅವರು ಚಂದ ಹೇಳಿದಿರಿ ಎಂದು ಮೆಚ್ಚಿ, ತಮಗೆ ತಿಳಿದಂತೆಯೇ ಆಡಿದರು. ಎದುರಿನವರ ಹತ್ತಿರ ಇನ್ನೆಷ್ಟು ಉಳಿದಿದೆ, ನಮ್ಮ ಹತ್ತಿರ ಎಷ್ಟಿದೆ ಎಂಬುದನ್ನೂ ನೋಡಬೇಕು ಎಂದು ದೇಸಾಯಿ ಸರ್ ಆಗಾಗ ಎಚ್ಚರಿಸುತ್ತಿದ್ದರು. ಅದು ಎರಡನೆಯ ಅಧ್ಯಾಯ, ಆಮೇಲೆ ನೋಡೋಣ ಎಂದು ನಾನು ಮುಂದಕ್ಕೆ ಹಾಕಿದೆ. ಪಠ್ಯಕ್ರಮ ಮುಗಿಸದಿರುವುದು ನನಗೆ ರೂಢಿಯಾಗಿತ್ತು.

ಹೀಗಿರುವಾಗ ಒಂದು ಸೋಮವಾರ ನೋಟೀಸು ಬಂತು. ಕಾಲೇಜಿನ ಸೇವಾ ಶಿಬಿರ ಖಾನಾಪುರ ತಾಲೂಕಿನ ಗುಂಜಿಯಲ್ಲಿ, ಏಳು ದಿನ, ಅರವತ್ತು ವಿದ್ಯಾರ್ಥಿಗಳು, ಕಾಡಂಚಿನಲ್ಲಿ ಇಂಗುಗುಂಡಿ ತೋಡುವುದು. ಶಿಬಿರಾಧಿಕಾರಿ ದೇಸಾಯಿ, ಹೊಸಮನಿ ಅಥವಾ ನಾನು. ಶನಿವಾರದೊಳಗೆ ನೀವೇ ತೀರ್ಮಾನಿಸಿ ಒಂದು ಹೆಸರು ಕೊಡಿ ಎಂದು ಕೆಳಗೆ ಬರೆದಿತ್ತು. ಪ್ರಜಾಪ್ರಭುತ್ವವನ್ನು ನಮ್ಮ ಪ್ರಿನ್ಸಿಪಾಲರು ಇಂಥ ಸಂದರ್ಭಗಳಿಗಾಗಿಯೇ ತೆಗೆದಿಟ್ಟಿರುತ್ತಾರೆ.

ಯಾರಿಗೂ ಹೋಗುವ ಮನಸ್ಸಿರಲಿಲ್ಲ. ದೇಸಾಯಿ ಸರ್‌ಗೆ ಮಂಡಿನೋವು. ಮೇಡಂಗೆ ಥಂಡಿ ಆಗಿಬರುವುದಿಲ್ಲ. ನನಗಿದ್ದ ಕಾರಣ ಮಾತ್ರ ನಾನು ಯಾರಿಗೂ ಹೇಳದ್ದು. ನನ್ನ ಹೆಂಡತಿ ಸುನಂದಾ ಖಾನಾಪುರದವಳು. ತವರಿನಲ್ಲಿ ಮರಾಠಿ, ನನ್ನೊಡನೆ ಕನ್ನಡ, ಸಿಟ್ಟು ಬಂದಾಗ ಎರಡೂ ಅಲ್ಲದ ಮೌನ. ಮಕ್ಕಳು ದೊಡ್ಡವರಾದ ಮೇಲೆ ಐದು ವರ್ಷದಿಂದ ಅವಳು ಪೇಟಿ ಕಲಿಯುತ್ತಿದ್ದಳು. ಪೇಟಿಯೆಂದರೆ ಹಾರ್ಮೋನಿಯಂ. ಆಚೀಚೆ ಪವರ್‌ಲೂಮ್ ಹೊಡೆಯುತ್ತಿರುವಾಗಲೇ ಅವಳ ಅಭ್ಯಾಸ; ಅದರ ಗದ್ದಲದಲ್ಲಿ ತಪ್ಪು ಸ್ವರ ಬಂದರೂ ಓಣಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವಳಿಗೆ ಧೈರ್ಯ. ಈಗ ಅವಳ ಗುರುಗಳ ವಾರ್ಷಿಕ ಕಾರ್ಯಕ್ರಮದಲ್ಲಿ ಮೊದಲ ಸಲ ವೇದಿಕೆಯ ಮೇಲೆ ಒಬ್ಬಳೇ ಹತ್ತು ನಿಮಿಷ ನುಡಿಸುವವಳಿದ್ದಳು. ಅದು ಶಿಬಿರದ ವಾರದ ಗುರುವಾರ ಸಂಜೆ. ಒಂದು ದಿನ ಪೇಟಿ ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದ್ದಳು: "ನೀವು ಮುಂದಿನ ಸಾಲಿನಾಗ ಕುಂದರ್ರಿ. ನನಗ ಅಂಜಿಕಿ ಬಂದ್ರ ನೋಡಾಕ ಒಂದು ಗುರ್ತಿನ ಮುಖ ಬೇಕು."

ಪ್ರಿನ್ಸಿಪಾಲರ ಕೋಣೆ ನಮ್ಮ ಸ್ಟಾಫ್‌ರೂಮಿನಿಂದ ಹನ್ನೆರಡು ಹೆಜ್ಜೆ. ಹೋಗಿ, ಗುರುವಾರ ನನ್ನ ಹೆಂಡತಿಯ ಕಾರ್ಯಕ್ರಮವಿದೆ, ನನ್ನನ್ನು ಬಿಡಿ ಎನ್ನಬಹುದಿತ್ತು. ಆದರೆ ನಾನು ಸಂಖ್ಯಾಶಾಸ್ತ್ರದವನು. ಹಿಂದಿನ ವರ್ಷ ಎರಡು ಸಲ ರಜೆ ಕೇಳಿದ್ದೆ, ಎರಡೂ ಸಲ ಇಲ್ಲವೆಂದಿದ್ದರು. ಎರಡೇ ಉದಾಹರಣೆಯಿಂದ ಸಿದ್ಧಾಂತ ಕಟ್ಟಿದ ವಿದ್ಯಾರ್ಥಿಗೆ ನಾನು ಸೊನ್ನೆ ಕೊಡುತ್ತೇನೆ; ನನಗೆ ನಾನು ಪೂರ್ತಿ ಅಂಕ ಕೊಟ್ಟುಕೊಂಡು, ಅವರು ಹೂಂ ಎನ್ನುವ ಸಂಭವ ಹತ್ತರಲ್ಲಿ ಒಂದು ಎಂದು ತೀರ್ಮಾನಿಸಿದೆ. ಇಷ್ಟು ಕಡಿಮೆ ಸಂಭವಕ್ಕೆ ಮುಖ ಕೆಡಿಸಿಕೊಳ್ಳುವುದು ಲೆಕ್ಕಕ್ಕೆ ಹೊಂದುವುದಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಹೆಂಡತಿ ಪೇಟಿ ನುಡಿಸುವಾಗ ಎದುರಿಗೆ ಕೂರಬೇಕು ಎಂದು ಇನ್ನೊಬ್ಬ ಗಂಡಸಿನ ಮುಂದೆ ಹೇಳಲು ನನಗೆ ನಾಚಿಕೆಯಾಯಿತು.

ಚೀಟಿ ಎತ್ತೋಣ ಎಂದರು ದೇಸಾಯಿ ಸರ್. ಚೀಟಿ ಎತ್ತುವುದು ಹಣೆಬರಹ ನಂಬುವವರ ಪದ್ಧತಿ, ವಿದ್ಯಾವಂತರಾದ ನಾವು ಬುದ್ಧಿಯಿಂದ ತೀರ್ಮಾನಿಸಬೇಕು ಎಂದು ವಾದಿಸಿ ಪೋಕರ್ ಸೂಚಿಸಿದವನು ಬೇರೆ ಯಾರೂ ಅಲ್ಲ, ನಾನೇ. ನಿಯಮ ಸರಳವಾಗಿತ್ತು. ತಲಾ ನೂರು ಖಡು. ಯಾರ ಖಡು ಮೊದಲು ಮುಗಿಯುತ್ತದೋ ಅವರು ಗುಂಜಿಗೆ. ಮೇಡಂ ಮುಖ ನೋಡಿ ನನಗೆ ಒಳಗೊಳಗೇ ಮರುಕವಾಯಿತು. ಪಾಪ, ಥಂಡಿ ಬೇರೆ ಆಗಿಬರುವುದಿಲ್ಲ.

ಒಂದೂವರೆ ತಾಸಿನಲ್ಲಿ ಆಟ ನಾನೆಣಿಸಿದಂತೆಯೇ ಬಂದು ನಿಂತಿತು. ದೇಸಾಯಿ ಸರ್ ಮುಂದೆ ಇನ್ನೂರ ಇಪ್ಪತ್ತೈದು ಖಡುಗಳ ಗುಡ್ಡ. ನನ್ನ ಮುಂದೆ ಅರವತ್ತೊಂಬತ್ತು. ಮೇಡಂ ಮುಂದೆ ಆರು. ಪ್ರತಿ ಆಟದ ಆರಂಭದಲ್ಲಿ ಎಲ್ಲರೂ ಎರಡೆರಡು ಹಾಕಲೇಬೇಕು. ಅಂದರೆ ಮೇಡಂ ಸುಮ್ಮನೆ ಕುಳಿತರೂ ಮೂರು ಆಟಕ್ಕೆ ಖಾಲಿ. ಎಲೆ ಹಂಚಿದರು. ಮೇಡಂ ಎರಡು ಖಡು ಹಾಕಿ, ಎಲೆ ನೋಡಿ, ಮಗುಚಿಟ್ಟು, ಉಳಿದ ನಾಲ್ಕನ್ನು ಸಾಲಾಗಿ ಜೋಡಿಸತೊಡಗಿದರು. ನನ್ನ ಕೈಯಲ್ಲಿ ಬದಾಮದ, ಅಂದರೆ ಕೆಂಪು ಹೃದಯದ ಗುರುತಿನ, ಎಂಟು ಮತ್ತು ಒಂಬತ್ತು. ದೇಸಾಯಿ ಸರ್ ಏರಿಸುತ್ತ ಹೋದರು, ನಾನು ಹಾಕುತ್ತ ಹೋದೆ. ನಡುವೆ ಬದಾಮದ ರಾಜ, ಬದಾಮದ ಏಳು, ಇಸ್ಪೀಟಿನ ಆರು ಬಿದ್ದವು. ನಾಲ್ಕನೆಯದು ಕಿಲಾವರ ಎರಡು. ರಾಶಿ ಅರವತ್ತಕ್ಕೆ ಬಂದಿತ್ತು, ನನ್ನ ಹತ್ತಿರ ನಲವತ್ತು ಉಳಿದಿದ್ದವು. ಆಗ ದೇಸಾಯಿ ಸರ್ ನಲವತ್ತು ಖಡು ನಡುವೆ ತಳ್ಳಿ ಕೈ ಕಟ್ಟಿ ಕುಳಿತರು. ನಾನು ಕಾಲ್ ಮಾಡಿದರೆ ನನ್ನದೆಲ್ಲ ಹಾಕಬೇಕು.

ನಾನು ಕಣ್ಣು ಮುಚ್ಚಿದೆ. ಆಗ ನನ್ನ ಮುಖದಲ್ಲಿ ಒಂದು ತೇಜಸ್ಸಿತ್ತೆಂದು ಈಗಲೂ ನಂಬಿದ್ದೇನೆ. ಇನ್ನೂ ಕಾಣದ ಎಲೆಗಳು ನಲವತ್ತಾರು. ಕೊನೆಯ ಎಲೆ ಯಾವುದಾದರೂ ಬದಾಮವಾದರೆ ಐದು ಬದಾಮ ಸೇರಿ ನಾನು ಗೆದ್ದೆ, ಅಂಥವು ಒಂಬತ್ತು. ಹತ್ತು ಅಥವಾ ಐದು ಬಂದರೂ ಐದು ಎಲೆಗಳ ಸಾಲು ಕೂಡಿ ಗೆದ್ದೆ. ಎರಡು ಸಲ ಎಣಿಸಿದ್ದನ್ನು ಕಳೆದರೆ ಅಂಥವು ಇನ್ನೂ ಆರು. ಒಟ್ಟು ಹದಿನೈದು. ನಲವತ್ತಾರರಲ್ಲಿ ಹದಿನೈದು, ಹೆಚ್ಚು ಕಡಿಮೆ ಮೂರಕ್ಕೆ ಒಂದು. ನಾನು ಹಾಕಬೇಕಾದದ್ದು ನಲವತ್ತು, ಗೆದ್ದರೆ ಸಿಗುವುದು ನೂರು. ಏಳು ಸಲದಲ್ಲಿ ಎರಡು ಸಲ ಗೆದ್ದರೂ ಸಾಕು. ಮೂರಕ್ಕೆ ಒಂದು ಎಂದರೆ ಅದಕ್ಕಿಂತ ಮೇಲು. ಲೆಕ್ಕ ಸ್ಪಷ್ಟವಾಗಿ ಹಾಕು ಎನ್ನುತ್ತಿತ್ತು. ಈ ಲೆಕ್ಕವನ್ನು ನಾನು ಬಾಯಿಬಿಟ್ಟು, ಹಂತ ಹಂತವಾಗಿ, ಇಬ್ಬರಿಗೂ ತಿಳಿಯುವಂತೆ ವಿವರಿಸಿದೆ. ದೇಸಾಯಿ ಸರ್ ತಲೆದೂಗಿದರು. ನಾನು ನಲವತ್ತೂ ಖಡುಗಳನ್ನು ಎರಡೂ ಕೈಯಿಂದ ಮುಂದೆ ತಳ್ಳಿದೆ.

ಕೊನೆಯ ಎಲೆ ಕಿಲಾವರ ರಾಣಿ. ದೇಸಾಯಿ ಸರ್ ಕೈಯಲ್ಲಿ ನಡುವಿನ ರಾಜನಿಗೆ ಜೋಡಿಯಾಗಿ ಇನ್ನೊಂದು ರಾಜ ಇತ್ತು. ನನ್ನ ಕೈಯಲ್ಲಿ ಖಡುವಿನ ಪುಡಿ ಇತ್ತು.

ನಿರ್ಣಯ ಸರಿಯಾಗಿತ್ತು, ಫಲಿತಾಂಶ ಮಾತ್ರ ತಪ್ಪಾಯಿತು, ಇದೇ ಪರಿಸ್ಥಿತಿಯಲ್ಲಿ ನೂರು ಸಲ ಆಡಿದರೆ ಲಾಭ ನನಗೇ ಎಂದು ನಾನು ಹೇಳುತ್ತಿದ್ದೆ. ಹೊಸಮನಿ ಮೇಡಂ ತಮ್ಮ ನಾಲ್ಕು ಖಡುಗಳನ್ನು ಡಬ್ಬಿಗೆ ಹಾಕುತ್ತಾ, ನೋಯಿಸುವ ಉದ್ದೇಶ ಎಳ್ಳಷ್ಟೂ ಇಲ್ಲದ ದನಿಯಲ್ಲಿ ಅಂದರು: "ನನ್ನ ಹತ್ರ ನಾಕ ಉಳದಿದ್ವು ಸರ್. ನೀವು ಎರಡ ಆಟ ಸುಮ್ಮ ಕುಂತಿದ್ರ ನಾನ ಹೊಂಟಹೋಗ್ತಿದ್ದೆ. ನಾ ಥಂಡಿ ಬಟ್ಟಿನೂ ತಗದಿಟ್ಟಿದ್ದೆ."

ಆಗ ನನಗೆ ಎರಡನೆಯ ಅಧ್ಯಾಯ ಅರ್ಥವಾಯಿತು. ನಾನು ಗೆಲ್ಲಬೇಕಾಗಿಯೇ ಇರಲಿಲ್ಲ. ಮೊದಲು ಸೋಲದಿದ್ದರೆ ಸಾಕಿತ್ತು. ರಾಶಿಯನ್ನು ನೋಡಿದ ಕಣ್ಣು ಪಕ್ಕದಲ್ಲಿ ಸಾಲಾಗಿ ಮಲಗಿದ್ದ ನಾಲ್ಕು ಖಡುಗಳನ್ನು ನೋಡಲಿಲ್ಲ. ನೂರು ಸಲದ ಸರಾಸರಿಯಲ್ಲಿ ನಾನು ಶ್ರೀಮಂತನೇ. ಆದರೆ ಗುಂಜಿಗೆ ಹೋಗುವುದು ಸರಾಸರಿಯಲ್ಲ, ನಾನು.

ಮನೆಗೆ ಹೋಗಿ ಸುನಂದಾಳಿಗೆ ಎಲ್ಲವನ್ನೂ ಹೇಳಿದೆ. ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಹದಿನೈದು ಎಲೆಗಳ ಪಟ್ಟಿ ಮಾಡಿ, ನನ್ನ ತಪ್ಪಿಲ್ಲವೆಂದು ಸಾಧಿಸಿದೆ. ಅವಳು ಪಟ್ಟಿಯನ್ನು ಪೂರ್ತಿ ನೋಡಿದಳು.

"ಪ್ರಿನ್ಸಿಪಾಲರನ್ನ ಕೇಳಿದ್ರ್ಯಾ?" ಎಂದಳು.

ಅವರು ಒಪ್ಪುವ ಸಂಭವ ಹತ್ತರಲ್ಲಿ ಒಂದು ಎಂಬುದನ್ನು ವಿವರಿಸಲು ಲಗ್ನಪತ್ರಿಕೆಯಲ್ಲಿ ಇನ್ನೂ ಜಾಗವಿತ್ತು. ಅವಳು ನನ್ನ ಪೆನ್ನಿನ ಮೇಲೆ ಕೈಯಿಟ್ಟಳು. "ಕೇಳಿಲ್ಲ ಅಂದ್ರ ಕೇಳಿಲ್ಲ ಅನ್ರಿ. ಅಷ್ಟ ಸಾಕು." ಆಮೇಲೆ ಒಳಗೆ ಹೋಗಿ ಪೇಟಿ ತೆಗೆದಳು. ಆ ಸಂಜೆ ಪವರ್‌ಲೂಮುಗಳು ಬಂದ್ ಆಗಿದ್ದವು. ಒಂದೇ ಸಾಲನ್ನು ಅವಳು ಮತ್ತೆ ಮತ್ತೆ ನುಡಿಸುವುದು, ಒಂದೇ ಜಾಗದಲ್ಲಿ ಎಡವುವುದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಗುಂಜಿಯ ಬಗ್ಗೆ ನನ್ನದೇನೂ ದೂರಿಲ್ಲ. ಬೆಳಿಗ್ಗೆ ಮಂಜಿನಲ್ಲಿ ಶಾಲೆಯ ಕಟ್ಟೆಯ ಮೇಲೆ ನಿಂತರೆ ಅರವತ್ತು ವಿದ್ಯಾರ್ಥಿಗಳಲ್ಲಿ ಹದಿನೈದು ಜನ ಕಾಣುತ್ತಿದ್ದರು. ಉಳಿದವರು ಇದ್ದಾರೆಂದು ಗಣಿತದ ಆಧಾರದ ಮೇಲೆ ನಂಬಬೇಕು. ನಮ್ಮ ಊಟ-ಹಾಲಿನ ವ್ಯವಸ್ಥೆ ನೋಡಿಕೊಂಡವರು ಗಾವಡೆ ಮಾಮಾ. ರೈಲ್ವೆಯಲ್ಲಿ ಹಳಿ ಕಾಯ್ದು ನಿವೃತ್ತರಾಗಿ ಈಗ ಎಮ್ಮೆ ಕಾಯುತ್ತಿದ್ದ ಹಿರಿಯರು. ನಾನು ಇಂಗುಗುಂಡಿಯ ಅಳತೆಯನ್ನು ಮಳೆಯ ಸರಾಸರಿಯಿಂದ ಲೆಕ್ಕ ಹಾಕಿ ಬರೆದುಕೊಟ್ಟಿದ್ದೆ. ಮಾಮಾ ಬಂದು ನೋಡಿ, ನೀರು ಈ ಕಡೆ ಬರುವುದೇ ಇಲ್ಲ ಎಂದು ಕೋಲಿನಿಂದ ಇಪ್ಪತ್ತು ಹೆಜ್ಜೆ ಆಚೆ ಗೀಟು ಎಳೆದರು. ಎರಡು ದಿನ ತೋಡಿದ್ದನ್ನು ಮೂರನೆಯ ದಿನ ಮುಚ್ಚಿಸಿದೆ. ಸೇವೆಯಲ್ಲಿ ಇಷ್ಟು ಸಮತೋಲನ ಬೇರೆ ಯಾವ ಶಿಬಿರದಲ್ಲೂ ಸಾಧ್ಯವಾಗಿರಲಿಕ್ಕಿಲ್ಲ.

ಬುಧವಾರ ಸಂಜೆ ಮಾಮಾನನ್ನು ಮೆಲ್ಲಗೆ ಕೇಳಿದೆ, ನಾಳೆ ಮಧ್ಯಾಹ್ನ ಬೆಳಗಾವಿಗೆ ಹೋಗಿ ರಾತ್ರಿಯೇ ಮರಳಿ ಬರಲು ರೈಲು ಇದೆಯೇ ಎಂದು. "ಗಾಡಿ ಭಾಳ ಹೋಗ್ತಾವ ಸಾಹೇಬ್ರ," ಎಂದರು ಅವರು. "ಇಲ್ಲಿ ನಿಂದರೂವು ಕಡಿಮಿ. ಖರೇ ಹೇಳ್ತೀನಿ, ಹೋದ್ರ ನಾಳೆ ತಿರುಗಿ ಬರೂದು ಆಗೂದಿಲ್ಲ." ಅರವತ್ತು ಮಕ್ಕಳನ್ನು ಕಾಡಂಚಿನಲ್ಲಿ ಬಿಟ್ಟು ಹೋಗುವುದು ಹೇಗೆ? ಏನೂ ಆಗದಿರುವ ಸಂಭವ ಬಹಳ ಹೆಚ್ಚು ಎಂದು ನನಗೆ ಗೊತ್ತಿತ್ತು. ಆದರೆ ಆ ದಿನ ಮೊದಲ ಬಾರಿಗೆ ಆ ಲೆಕ್ಕ ಹಾಕಲು ಮನಸ್ಸು ಒಪ್ಪಲಿಲ್ಲ. ಊಟದ ತಟ್ಟೆ ಹಿಡಿದು ಕುಳಿತರೆ ಕಣ್ಣ ಮುಂದೆ ಮುಂದಿನ ಸಾಲಿನ ಒಂದು ಖಾಲಿ ಕುರ್ಚಿ. ಅಂಜಿಕೆ ಬಂದಾಗ ಅವಳು ಅದನ್ನೇ ನೋಡುವಳು. ಐದು ವರ್ಷದ ಅವಳ ದುಡಿಮೆಯ ಮೇಲೆ ನಾನು ನಲವತ್ತು ಖಡು ಹಾಕಿ ಆಡಿದ್ದೆ.

ಗುಂಜಿಯ ಶಾಲೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ನೀರಿನ ಟಾಕಿಯ ಮೇಲೆ ಮಾತ್ರ. ಗುರುವಾರ ಮಧ್ಯಾಹ್ನ ಅವಳಿಗೆ ಒಂದು ಒಳ್ಳೆಯ ಮಾತಾದರೂ ಹೇಳೋಣವೆಂದು ಏಣಿ ಹತ್ತಿ, ಫೋನನ್ನು ಆಕಾಶಕ್ಕೆ ಹಿಡಿದು ನಿಂತಿದ್ದೆ. ಕೆಳಗೆ ಕಾರು ಬಂದು ನಿಂತಿತು. ಮಂಕಿ ಟೋಪಿ ಹಾಕಿದ ಪ್ರಿನ್ಸಿಪಾಲರು ಇಳಿದರು. ತಪಾಸಣೆಗೆ ಬಂದರೆಂದು ಫೋನನ್ನು ಜೇಬಿಗೆ ತುರುಕಿದೆ. ಶಿಬಿರಾಧಿಕಾರಿ ಟಾಕಿಯ ಮೇಲೆ, ಗುಂಡಿ ಇಪ್ಪತ್ತು ಹೆಜ್ಜೆ ಆಚೆ.

"ಇಳೀರಿ ಸರ್," ಎಂದರು ಅವರು ತಲೆಯೆತ್ತಿ. "ಸಂಜೀಕ ಮನಿಯವರ ಕಾರ್ಯಕ್ರಮ ಐತಂತಲ್ಲ? ನನ್ನ ಗಾಡಿಯಾಗ ಹೋಗ್ರಿ, ಡ್ರೈವರ್ ಬಿಟ್ಟ್ ಬರ್ತಾನ. ನಾಳೆ ಮುಂಜಾನೆ ಬರ್ರಿ. ಅಲ್ಲೀತನಾ ನಾ ಇರ್ತೀನಿ." ಏಣಿಯ ನಡುವೆ ನಿಂತು ನಾನು ಏನೋ ತೊದಲಿದೆ. ಅವರು ಕೈಬೀಸಿದರು. "ಮೊದಲ ಹೇಳಬಾರದಾಗಿತ್ತೇನ್ರಿ? ಈ ಹೊಂಡ ತೋಡಸೂದು ಯಾರಿಗರೆ ಬರ್ತೈತಿ."

ದಾರಿಯುದ್ದಕ್ಕೂ, ದೇಸಾಯಿ ಸರ್‌ಗೆ ಪಶ್ಚಾತ್ತಾಪವಾಗಿ ಅವರೇ ಹೋಗಿ ಹೇಳಿರಬೇಕು ಎಂದು ಊಹಿಸಿದೆ. ಅವರಿಗೆ ಧನ್ಯವಾದದ ಮೆಸೇಜೂ ಕಳಿಸಿದೆ. ಯಾತಕ್ಕೆ ಎಂದು ಅವರು ತಿರುಗಿ ಕೇಳಿದ್ದನ್ನು ಅವರ ವಿನಯವೆಂದುಕೊಂಡೆ.

ಸಭಾಗೃಹ ಮುಟ್ಟಿದಾಗ ಕಾರ್ಯಕ್ರಮ ಆರಂಭವಾಗಿತ್ತು. ಪ್ಯಾಂಟಿನ ಮೊಣಕಾಲವರೆಗೆ ಗುಂಜಿಯ ಕೆಂಪು ಮಣ್ಣು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯ ಇಬ್ಬರು ಅಜ್ಜಿಯರ ನಡುವೆ ಒಂದು ಕುರ್ಚಿ ಖಾಲಿಯಿತ್ತು; ಅವರು ಸೀರೆ ಸರಿಸಿಕೊಂಡು ಜಾಗ ಕೊಟ್ಟರು. ಸುನಂದಾ ಬಂದು ಪೇಟಿಯ ಮುಂದೆ ಕುಳಿತಳು. ಕೆಳಗೆ ನೋಡಿದಳು. ನನ್ನನ್ನು ಕಂಡ ಮೇಲೆ ಸೆರಗು ಸರಿಮಾಡಿಕೊಂಡಳು. ನುಡಿಸುತ್ತಾ ನುಡಿಸುತ್ತಾ ಆ ಎಡವುವ ಜಾಗ ಬಂತು, ಅವಳ ಬೆರಳು ತಡವರಿಸಿತು, ಕಣ್ಣು ನನ್ನ ಕಡೆ ಬಂತು. ಅದು ಯಾವ ರಾಗವೆಂದು ದೇವರಾಣೆಗೂ ನನಗೆ ತಿಳಿಯದು. ಬಹಳ ತಿಳಿದವನಂತೆ ತಲೆಯಾಡಿಸಿದೆ. ಅವಳು ಆ ಸಾಲನ್ನು ದಾಟಿ ಮುಂದೆ ಹೋದಳು. ಪಕ್ಕದ ಅಜ್ಜಿ, ನಿಮಗೆ ಸಂಗೀತ ಬರುತ್ತದೇನು ಎಂದು ಪಿಸುಗುಟ್ಟಿ ಕೇಳಿದರು. ಹೂಂ ಎಂದೆ. ನನ್ನ ಕಣ್ಣು ತುಂಬಿತ್ತು.

ಮುಗಿದ ಮೇಲೆ ಹೊರಗೆ ಆಟೋಕ್ಕೆ ಕಾಯುತ್ತಾ, ದೇಸಾಯಿ ಸರ್ ಎಷ್ಟು ದೊಡ್ಡ ಮನುಷ್ಯರು ನೋಡು ಎಂದು ನಾನು ವರ್ಣಿಸತೊಡಗಿದೆ.

"ಅವರ್ಯಾಕ?" ಎಂದಳು ಸುನಂದಾ. "ಮುಂಜಾನೆ ನಾನ ಫೋನ್ ಹಚ್ಚಿದ್ನಿ, ನಿಮ್ಮ ಪ್ರಿನ್ಸಿಪಾಲರಿಗೆ."

"ಏನಂದಿ?"

"ಏನನ್ನೂದು? ಇವತ್ತ ಸಂಜಿಗೆ ನಮ್ಮ ಮನಿಯವರನ್ನ ಕಳಸ್ರಿ ಅಂದೆ. ಹೂಂ ಅಂದ್ರು."

ಹತ್ತರಲ್ಲಿ ಆ ಒಂದು ಅವಳಿಗೇ ಬಿತ್ತು ಎಂದು ನಾನು ವಾದಿಸಬಹುದಿತ್ತು. ವಾದಿಸಿದೆ ಕೂಡ. ಅವಳು ಪೇಟಿಯನ್ನು ನನ್ನ ಕೈಗೆ ಕೊಟ್ಟು ಆಟೋ ಹತ್ತಿದಳು.

ಈಗ ಬೇಸಿಗೆಯ ಮೌಲ್ಯಮಾಪನದ ಪಟ್ಟಿ ಬರುವ ಹೊತ್ತು. ನನ್ನನ್ನು ಯಾವುದೋ ದೂರದ ಊರಿಗೆ ಹಾಕುತ್ತಾರೆಂದು ಗಾಳಿಸುದ್ದಿ ಇದೆ. ಪ್ರಿನ್ಸಿಪಾಲರಿಗೆ ಸುನಂದಾ ಇನ್ನೊಂದು ಫೋನ್ ಮಾಡಿದರೆ ಕೆಲಸವಾದಂತೆಯೇ. ಅವಳು ಮಾಡುತ್ತೇನೆ ಎನ್ನುವ ಸಂಭವವೆಷ್ಟು ಎಂದು ಮೂರು ದಿನದಿಂದ ಲೆಕ್ಕ ಹಾಕುತ್ತಿದ್ದೇನೆ. ಎಲ್ಲ ಅಂಶಗಳನ್ನೂ, ಈ ಸಲ ಯಾರ ಹತ್ತಿರ ಏನು ಉಳಿದಿದೆ ಎಂಬುದನ್ನೂ ಹಿಡಿದು ನೋಡಿದರೆ ಮೂರಕ್ಕೆ ಒಂದು ಬರುತ್ತದೆ. ಆದ್ದರಿಂದ ಅವಳನ್ನು ಇನ್ನೂ ಕೇಳಿಲ್ಲ.